ಬಿಲ್ಲಿಗೆ ಸುತ್ತಿದ ಸೀರೆ

ತುಮಕೂರಿನ ಮರಳೂರಿನಲ್ಲಿ ಹಾಸಿಗೆ ಹೊಲಿಯುವ ಮುನವ್ವರಾಳ ಮನೆಗೆ ಬಂದವರೆಲ್ಲ ಒಂದು ಮಾತು ಕೇಳಿಯೇ ಕೇಳುತ್ತಿದ್ದರು. ಗೋಡೆಗೆ ತೂಗುಹಾಕಿದ ಆ ಹತ್ತಿ ಹಿಂಜುವ ಬಿಲ್ಲಿಗೆ ಯಾಕಮ್ಮ ಹಳೇ ಸೀರೆ ಸುತ್ತಿದೀಯ?

“ಧೂಳು ಕೂರಬಾರದು ಅಂತ” ಎನ್ನುತ್ತಿದ್ದಳು.

ಹತ್ತಿಯ ಮನೆಯಲ್ಲಿ ಧೂಳಿಗೆ ಹೆದರುವವರುಂಟೆ? ಬಂದವರು ನಗುತ್ತಿದ್ದರು. ನಿಜ ಹೇಳಿದರೆ ನಗುತ್ತಿರಲಿಲ್ಲ. ಸೀರೆ ಸುತ್ತಿದ್ದರೂ, ಯಾರೂ ಮುಟ್ಟದೆ ಆ ಬಿಲ್ಲು ನುಡಿಯುತ್ತಿತ್ತು. ನಡುಹಗಲಲ್ಲಿ, ಅವಳು ಸೂಜಿಗೆ ದಾರ ಪೋಣಿಸುವಾಗ, ಟೊಂಯ್ ಎಂದು ಒಮ್ಮೆ, ಉಸಿರು ಎಳೆದುಕೊಳ್ಳುವಷ್ಟು ಬಿಟ್ಟು ಇನ್ನೊಮ್ಮೆ.

ಆ ಎರಡು ನುಡಿ ಅವಳ ಮದುವೆಗಿಂತ ಹಳೆಯವು. ಕುಣಿಗಲ್ಲಿನ ಅವಳ ತವರಿನ ಬೀದಿಗೆ ಖುರ್ಷಿದ್ ಪಾಷಾ ಹೆಗಲ ಮೇಲೆ ಬಿಲ್ಲು ಹೊತ್ತು ಹಿಂಜಲು ಬರುತ್ತಿದ್ದ. ಬೇರೆ ಮನೆಗಳ ಮುಂದೆ ತಂತಿಯನ್ನು ಕೈಗೆ ಬಂದಂತೆ ಮೀಟುತ್ತಿದ್ದವನು ಅವಳ ಮನೆಯ ಮುಂದೆ ಮಾತ್ರ ಎರಡೇ ಸಲ ಮೀಟಿ ಸುಮ್ಮನೆ ನಿಲ್ಲುತ್ತಿದ್ದ. ನಿಕಾಹ್ ಆಗಿ ತುಮಕೂರಿಗೆ ಬಂದ ಮೇಲೂ ಸಂಜೆ ಬೀದಿಯ ಮೂಲೆಯಿಂದ ಆ ಎರಡು ನುಡಿ ಕೇಳಿದರೆ ಅವಳು ಟೀಗೆ ನೀರಿಡುತ್ತಿದ್ದಳು.

ಎಂಬತ್ತನೇ ಇಸವಿಯಲ್ಲಿ ಖುರ್ಷಿದ್ ಎದೆರೋಗದಿಂದ ಹೋದ. ಅವನು ಹೋದ ನಲವತ್ತನೆಯ ದಿನದ ಕುರಾನ್ ಓದು ಮುಗಿದು ನೆಂಟರು ಹೊರಟ ಮಧ್ಯಾಹ್ನ ಬಿಲ್ಲು ಮೊದಲ ಸಲ ತಾನಾಗಿ ನುಡಿಯಿತು. ಅವನು ಲೆಕ್ಕ ಕೇಳಲು ಬಂದಿದ್ದಾನೆ ಎಂದುಕೊಂಡಳು ಮುನವ್ವರಾ. ಉಟ್ಟು ಹಳೆಯದಾದ ನೀಲಿ ಸೀರೆಯನ್ನು ತಂದು ತಂತಿಗೆ ಬಿಗಿಯಾಗಿ ಸುತ್ತಿದಳು.

ಯಾಕೆಂದರೆ ಅವನನ್ನು ಕೊಂದವಳು ತಾನೇ ಎಂಬುದು ಅವಳ ನಂಬಿಕೆಯಾಗಿತ್ತು.

ಖುರ್ಷಿದನ ಮನೆತನದಲ್ಲಿ ಒಂದು ಕಟ್ಟುಪಾಡಿತ್ತು. ಸತ್ತವರು ಮಲಗಿದ್ದ ಹಾಸಿಗೆಯ ಹತ್ತಿಯನ್ನು ಬಿಲ್ಲಿನ ಕೆಳಗೆ ಇಡುವಂತಿಲ್ಲ. ಅವನು ಸಾಯುವ ಹಿಂದಿನ ವರ್ಷ ಗುಬ್ಬಿಯ ನರಸಿಂಹಮ್ಮ ಹಾಸಿಗೆ ತಂದಿಳಿಸಿದಾಗ ಅವನು ಮನೆಯಲ್ಲಿರಲಿಲ್ಲ. “ನಮ್ಮತ್ತೆ ತೀರ್ಕೊಂಡಿದ್ದು ಇದ್ರ ಮೇಲೇನೆ ಕಣವ್ವ. ಸುಟ್ಟಾಕು ಅಂತಾರೆ ಮನೇಲಿ. ಮಗಳು ಬಾಣಂತನಕ್ಕೆ ಬಂದವ್ಳೆ, ಚಾಪೆ ಮೇಲೆ ಮಲಗ್ಸನಾ? ಹೊಸಾ ಹತ್ತಿ ತರೋ ಶಕ್ತಿ ಇಲ್ಲ. ಹುಟ್ಟೋ ಕೂಸಿನ ಮೇಲೆ ಆಣೆ ಮಾಡು, ಯಾರ್ಗೂ ಹೇಳಲ್ಲ ಅಂತ.” ಮಕ್ಕಳಿಲ್ಲದ ಮುನವ್ವರಾ ಆಣೆ ಮಾಡಿಬಿಟ್ಟಳು. ಸಂಜೆ ಖುರ್ಷಿದ್ “ಯಾರ ಮನೆ ಹತ್ತಿ?” ಎಂದು ಕೇಳಿದಾಗ “ಗುಬ್ಬಿ ನರಸಿಂಹಮ್ನೋರದು, ಮದುವೆ ಮನೇದು” ಎಂದಳು. ಅವನು ಹಿಂಜಿದ. ಆ ಮಳೆಗಾಲದಲ್ಲಿ ಅವನ ಕೆಮ್ಮು ಮೊದಲ ಸಲ ಅವಳ ಕಿವಿಗೆ ಬಿತ್ತು.

ಎಂಬತ್ತಮೂರರಲ್ಲಿ ಅಣ್ಣ ನಜೀರ್ ಅಹಮದ್ ಕುಣಿಗಲ್ಲಿನಿಂದ ಬಂದ, ಒಂದೇ ನಿರ್ಧಾರ ಹೊತ್ತುಕೊಂಡು.

“ನೋಡು ಮುನ್ನೀ, ಸೂಜಿ ನಿನ್ ಕೈಲೈತೆ, ಸರಿ. ಹತ್ತಿ ಹಿಂಜೋರ್ಯಾರು? ಇಷ್ಟ್ ದಿನ ಹಿಂಜೋ ಮಿಷನ್ನಿನವನು ಮಾಡ್ಕೊಡ್ತಿದ್ದ. ಈಗ ಹೊಲಿಯೋ ಕೆಲ್ಸಾನೂ ಅವನೇ ಹಿಡ್ಕೊಂಡವ್ನೆ. ಬಂದ್ಬುಡು ನಮ್ಮನೆಗೆ.”

“ಬಿಲ್ಲಿದೆಯಲ್ಲ ಭಾಯ್. ನಾನೇ ಹಿಂಜ್ತೀನಿ.”

“ಅಬ್ಬಾ! ಮೂರು ವರ್ಷದಿಂದ ಸೀರೆ ಉಡ್ಸಿ ಮದುವಣಗಿತ್ತಿ ಥರ ಕೂರ್ಸಿದೀಯ. ಒಂದಿನ ಮುಟ್ಟಿದೀಯಾ? ಶುಕ್ರವಾರ ನಮಾಜ್ ಮುಗಿಸ್ಕೊಂಡು ವ್ಯಾನ್ ತರ್ತೀನಿ. ಇದನ್ನ ಯಾರಿಗಾದ್ರೂ ಕೊಟ್ಬುಡಾಣ.” ಹೇಳುತ್ತಲೇ ಬಿಲ್ಲನ್ನು ಇಳಿಸಲು ಕೈ ಹಾಕಿದ.

ಬಟ್ಟೆ ಸುತ್ತಿದ ತಂತಿ ಆ ಬಟ್ಟೆಯೊಳಗಿನಿಂದಲೇ ನುಡಿಯಿತು. ಎರಡು ಸಲ.

ನಜೀರ್ ಕೈ ಹಿಂದೆಳೆದುಕೊಂಡ. “ಇಲಿ... ಇಲಿ ಇರ್ಬೇಕು” ಎಂದ. ಟೀ ಕುಡಿಯದೆಯೇ ಹೊರಟ.

ಮುನವ್ವರಾ ಬಿಲ್ಲಿನ ಮುಂದೆ ನಿಂತಳು. ಖಬರಸ್ಥಾನಕ್ಕೆ ಹೋಗಿ ಹೇಳಿಕೊಳ್ಳುವ ಪದ್ಧತಿ ಅವರ ಹೆಂಗಸರಲ್ಲಿ ಇರಲಿಲ್ಲ. ಅವನೆಂದು ಉಳಿದಿದ್ದುದು ಇದೊಂದೇ. ಇದರ ಮುಂದೆ ನಿಜ ಹೇಳದೆ ಇದನ್ನು ಮುಟ್ಟಲಾರಳು. ಮುಟ್ಟದಿದ್ದರೆ ಈ ಮನೆ ಉಳಿಯುವುದಿಲ್ಲ, ಅವನೂ ಉಳಿಯುವುದಿಲ್ಲ. ನಿಜ ಹೇಳಬೇಕಾದರೆ ಒಂದು ಕೂಸಿನ ಮೇಲೆ ಇಟ್ಟ ಆಣೆಯನ್ನು ಬಿಡಿಸಿಕೊಳ್ಳಬೇಕು. ಮರುದಿನ ಬೆಳಗ್ಗೆ ಬಾಗಿಲಿಗೆ ಬೀಗ ಹಾಕಿ ಗುಬ್ಬಿ ಬಸ್ಸು ಹತ್ತಿದಳು.

ನರಸಿಂಹಮ್ಮನ ಮನೆಯ ಜಗಲಿಯಲ್ಲಿ ಅದೇ ಹಾಸಿಗೆ ಬಿಸಿಲಿಗೆ ಹರಡಿತ್ತು. ಅದರ ಮೇಲೆ ಪುಟ್ಟ ಹುಡುಗಿಯೊಬ್ಬಳು ಕುಣಿಯುತ್ತಿದ್ದಳು. ಆಣೆಯ ಕೂಸು.

“ಆಣೆ ವಾಪಸ್ ತಗೊಳ್ಳಿ ನರಸಿಂಹಮ್ನೋರೆ” ಎಂದಳು ಮುನವ್ವರಾ, ಕೂರುವ ಮೊದಲೇ. “ನನ್ನ ಗಂಡನಿಗೆ ನಾನು ನಿಜ ಹೇಳ್ಬೇಕು.”

“ಯಾವ ನಿಜ?”

“ಇದು ಯಾರು ಮಲಗಿದ್ದ ಹತ್ತಿ ಅಂತ.”

ನರಸಿಂಹಮ್ಮ ಕಣ್ಣರಳಿಸಿ ನೋಡಿದರು. “ಅಯ್ಯೋ ನನ್ನವ್ವ, ಆವಯ್ಯಂಗೆ ಗೊತ್ತಿತ್ತು ಕಣೆ!”

“ಹೇಗೆ ಗೊತ್ತಾಯ್ತು?” ಎಂದಳು ಮುನವ್ವರಾ.

“ಹತ್ತಿ ಒಳಗೆ ಒಣಗಿದ ಬೇವಿನಸೊಪ್ಪು ಸಿಕ್ಕಿತ್ತಂತೆ. ಕಾಯಿಲೆಯೋರ ಮಗ್ಗುಲಿಗೆ ಇಕ್ತೀವಲ್ಲ, ಅದು. ಮದುವೆ ಮನೆ ಹಾಸಿಗೇಲಿ ಬೇವು ಯಾಕಿರ್ತದೆ ಅಂತ ಕೇಳ್ಕೊಂಡು ಇಲ್ಲಿಗೇ ಬಂದಿದ್ದ. ನಾನು ಅಳ್ತಾ ಎಲ್ಲಾ ಹೇಳ್ದೆ. ಒಳಗೆ ಮಗಳು ಹೆರಿಗೆ ನೋವು ತಿಂತಿದ್ಲು, ಆ ಸದ್ದು ಕೇಳ್ತಾ ಒಂದ್ ಗಳಿಗೆ ನಿಂತಿದ್ದ. ಆಮೇಲೆ ನಕ್ಬುಟ್ಟ. ‘ನನ್ನೆಂಡ್ತಿ ಮೊದಲ್ನೇ ಸಲ ಸುಳ್ಳು ಹೇಳವ್ಳೆ, ಸರ್ಯಾಗಿ ಹೇಳಾಕೂ ಬರಾಕಿಲ್ಲ ಅವಳ್ಗೆ. ನಂಗೆ ಗೊತ್ತು ಅಂತ ಅಂದ್ಬುಟ್ಟೀರ, ನೊಂದ್ಕೋತಾಳೆ’ ಅಂದ. ಹಿಂಜಿ ಕೊಟ್ಟ.”

“ಅದೇ ಹತ್ತಿ ಅವರನ್ನ ತಿಂತು.”

“ಯಾವ ಹತ್ತಿ ತಿಂತವ್ವ? ಅವತ್ತೇ ಈ ಕಂಬಕ್ಕೆ ಒರಗಿ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದ. ನೀರು ಕೊಟ್ಟೆ. ಎರಡು ವರ್ಷದ ಕೆಮ್ಮಂತೆ, ಹತ್ತಿ ಧೂಳಿಂದು, ಅವರಪ್ಪನೂ ಇದ್ರಲ್ಲೇ ಹೋಗಿದ್ದಂತೆ. ‘ಬಿಲ್ಲು ಬಾರಿಸ್ವಾಗ ಮಾತ್ರ ಕೆಮ್ತೀನಿ ಅಮ್ಮಯ್ಯ, ಅವಳ್ಗೆ ಕೇಳಾಕಿಲ್ಲ’ ಅಂದ.”

ಮುನವ್ವರಾಳಿಗೆ ಆ ದಿನಗಳ ಬಿಲ್ಲಿನ ಸದ್ದು ನೆನಪಾಯಿತು. ಒಮ್ಮೊಮ್ಮೆ ಕಾರಣವಿಲ್ಲದೆ ಜೋರಾಗುತ್ತಿತ್ತು. ಒಳಗಿನಿಂದ ಅವಳು “ಮೆಲ್ಲಗೆ ರೀ, ತಂತಿ ಹರಿದೀತು” ಎಂದು ಕೂಗುತ್ತಿದ್ದಳು.

ಅಲ್ಲೇ ಜಗಲಿಯ ಮೇಲೆ ಕೂತು ಅತ್ತಳು. ಹುಡುಗಿ ಕುಣಿಯುವುದನ್ನು ನಿಲ್ಲಿಸಿ ಅವಳ ತೊಡೆಯ ಮೇಲೆ ಬಂದು ಕೂತಳು. ಆಮೇಲೆ ಮುನವ್ವರಾ ಕಣ್ಣೊರೆಸಿಕೊಂಡು ಹಾಸಿಗೆಯನ್ನು ಒತ್ತಿ ನೋಡಿದಳು. ಗಂಟುಗಟ್ಟಿತ್ತು.

“ಇದನ್ನ ಕೊಡಿ. ನಾನು ಹಿಂಜಿ ತರ್ತೀನಿ.”

“ನೀನಾ?”

“ನಾನೇ.”

ಬಸ್ಸಿನ ಟಾಪಿನ ಮೇಲೆ ಹಾಸಿಗೆ ಕಟ್ಟಿಸುವಾಗ ಕಂಡಕ್ಟರ್ “ಮೇಲೆ ಆರಾಮಾಗಿ ಮಲಗೈತೆ, ಹಾಫ್ ಟಿಕೆಟ್ಟಾದ್ರೂ ಕೊಡಮ್ಮ” ಎಂದ. ಅವಳು ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಶುಕ್ರವಾರ ಮಧ್ಯಾಹ್ನ ಅವಳು ಬಿಲ್ಲನ್ನು ಗೋಡೆಯಿಂದ ಇಳಿಸಿದಳು. ಸೀರೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು.

“ಗೊತ್ತಿದ್ದೂ ಒಂದು ಮಾತು ಹೇಳ್ಲಿಲ್ವಲ್ಲ ನೀವು” ಎಂದಳು ಬಿಲ್ಲಿಗೆ. “ಕೆಮ್ಮನ್ನೂ ಮುಚ್ಚಿಟ್ರಿ. ನಾನು ಒಂದು ಸುಳ್ಳು ಹೇಳಿದೆ. ನೀವು ದಿನಾ ಹೇಳಿದ್ರಿ.” ಅವಳ ದನಿಯಲ್ಲಿ ಸಿಟ್ಟಿತ್ತು. ಮೂರು ವರ್ಷದಲ್ಲಿ ಅವನೊಡನೆ ಆಡಿದ ಮೊದಲ ಜಗಳ.

ಬಿಲ್ಲು ನುಡಿಯಲಿಲ್ಲ. ಕೊಡತಿ ಎತ್ತಿ ತಂತಿಗೆ ಅವಳೇ ಹೊಡೆದಳು. ಕರ್ಕಶ ಸದ್ದು ಬಂತು, ಹತ್ತಿ ಕದಲಲಿಲ್ಲ. ಮತ್ತೆ ಹೊಡೆದಳು. ಭಾರಕ್ಕೆ ಬಿಲ್ಲು ವಾಲಿತು. ಆಗ ಬಿಲ್ಲಿನ ಹೊರೆಯನ್ನು ಇನ್ನೊಂದು ಕೈ ಕೆಳಗಿನಿಂದ ಹಿಡಿದೆತ್ತಿದಂತೆ ಹಗುರವಾಯಿತು. ಅವಳು ತಿರುಗಿ ನೋಡಲಿಲ್ಲ. ಅದೇ ಎತ್ತರದಲ್ಲಿ ಹಿಡಿದು ಮತ್ತೆ ಹೊಡೆದಳು. ಹತ್ತಿಯ ಎಳೆಗಳು ಬಿಡಿಸಿಕೊಂಡು ಎದ್ದವು.

ಹೊರಗೆ ವ್ಯಾನು ನಿಂತ ಸದ್ದಾಯಿತು. ನಜೀರ್ ಹೊಸ್ತಿಲಲ್ಲಿ ಬಂದು ನಿಂತ. ಕೋಣೆಯ ತುಂಬ ಬೆಳ್ಳಗೆ ಹಾರುತ್ತಿತ್ತು.

“ಇದೇನ್ ಮುನ್ನೀ ಇದು! ಯಾರ ಮನೆ ಹತ್ತಿ?”

“ಸತ್ತೋರು ಮಲಗಿದ್ದ ಹತ್ತಿ ಭಾಯ್. ಒಂದು ಮಗು ಮಲಗಿ ಬೆಳೆದ ಹತ್ತಿ. ಯಾರು ಕೇಳಿದ್ರೂ ಹಂಗೇ ಹೇಳ್ತೀನಿ. ವ್ಯಾನ್ ವಾಪಸ್ ಕಳ್ಸಿ ಒಳಗೆ ಬಾ. ಬಾಗಿಲಲ್ಲಿ ನಿಂತ್ರೆ ಗಾಳಿಗೆ ಹತ್ತಿಯೆಲ್ಲ ಹಾರಿಹೋಗತ್ತೆ.”

ನಜೀರ್ ವ್ಯಾನಿನವನಿಗೆ ಹೋಗು ಎಂದು ಕೈಬೀಸಿ, ಚಪ್ಪಲಿ ಬಿಟ್ಟು ಒಳಗೆ ಬಂದ.

ಅವಳಿಗೆ ಕೆಮ್ಮು ಬಂತು. ಬಿಲ್ಲನ್ನು ಮೆಲ್ಲನೆ ಕೆಳಗಿಟ್ಟು, ಬಿಚ್ಚಿಹಾಕಿದ್ದ ನೀಲಿ ಸೀರೆಯಿಂದ ಒಂದು ತುಂಡು ಹರಿದು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡಳು. ಮತ್ತೆ ಕೊಡತಿ ಎತ್ತಿಕೊಂಡಳು.