ಬಿಂದಿಯ ಕೆಳಗಿನ ದೀಪ

ಗುಬ್ಬಿಯ ಟ್ಯಾಕ್ಸಿ ಡ್ರೈವರ್ ಬೆಟ್ಟಸ್ವಾಮಿಯನ್ನು ಒಳ್ಳೆಯವನು ಎನ್ನದವರು ನಮ್ಮ ಬೀದಿಯಲ್ಲಿಲ್ಲ. ನಾನೂ ಹಾಗೇ ಅನ್ನುತ್ತಿದ್ದೆ. ಈಗ ಅವನ ಹೆಸರು ಕೇಳಿದರೆ ಮೈ ಉರಿಯುತ್ತದೆ.

ಲಾರಿ ಕ್ಲೀನರ್ ಆಗಿ ಶುರುಮಾಡಿ, ಯಾರದೋ ಜೀಪು ಓಡಿಸಿ, ಕೊನೆಗೆ ಸ್ವಂತಕ್ಕೊಂದು ಹಳೆಯ ಡೀಸೆಲ್ ಕಾರು ಕೊಂಡವನು. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ. ಮನೆಯ ಹೆಂಗಸರನ್ನು ಧೈರ್ಯವಾಗಿ ಅವನ ಜೊತೆ ಕಳಿಸಬಹುದು. ಇದ್ದ ಚಟ ಒಂದೇ, ಟ್ಯಾಂಕು ತುಂಬಿಸದಿರುವುದು. ಡೀಸೆಲ್ ಮುಗಿಯುತ್ತಿದೆ ಎಂದು ಹೇಳುವ ಹಳದಿ ದೀಪದ ಮೇಲೆ ಹೆಂಡತಿಯ ದೊಡ್ಡ ಸ್ಟಿಕ್ಕರ್ ಬಿಂದಿಯೊಂದನ್ನು ಅಂಟಿಸಿಬಿಟ್ಟಿದ್ದ!

"ಅದು ಸುಮ್ನೆ ಹೆದರಿಸ್ತದೆ ಕಣಮ್ಮ ನಂದಿತಾ," ಎಂದಿದ್ದ ನನಗೆ. "ದೀಪ ಬಂದ್ಮೇಲೂ ಕುಣಿಗಲ್‌ಗೆ ಹೋಗಿ ಬರ್ಬೋದು. ಜೀಪಲ್ಲಿ ಎಷ್ಟು ಸಲ ಹೋಗಿಲ್ಲ ನಾನು?"

ಜೀಪಿನಲ್ಲಿ ಹೋಗಿದ್ದ, ನಿಜ. ಆದರೆ ಇದು ಜೀಪಲ್ಲವಲ್ಲ! ಒಂದೊಂದು ಗಾಡಿಯ ದೀಪ ಒಂದೊಂದು ಲೆಕ್ಕಕ್ಕೆ ಹತ್ತುತ್ತದೆ. ಡೀಸೆಲ್ ತೋರಿಸುವ ಮುಳ್ಳಂತೂ ಅರ್ಧದ ತನಕ ಸೋಮಾರಿಯ ಹಾಗೆ ಇಳಿದು, ಆಮೇಲೆ ದಡಬಡ ಇಳಿಯುತ್ತದೆ. ಏರಿನಲ್ಲಿ ಒಂದು ತೋರಿಸುತ್ತದೆ, ಇಳಿಜಾರಿನಲ್ಲಿ ಇನ್ನೊಂದು. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮುಳ್ಳು ಸುಳ್ಳು ಹೇಳುತ್ತದೆ ಎನ್ನುತ್ತಿದ್ದ. ಅದು ಹೇಳುವ ಸುಳ್ಳೆಲ್ಲ ತನಗೆ ಅನುಕೂಲವಾಗೇ ಇರುತ್ತದೆ ಎಂದು ಇವನಿಗೆ ಮಾತು ಕೊಟ್ಟವರು ಯಾರು?

ಹೋದ ಬೇಸಿಗೆಯಲ್ಲಿ ಕುಣಿಗಲ್‌ನ ದೊಡ್ಡಮ್ಮ ತೀರಿಕೊಂಡರು. ನಮ್ಮಮ್ಮ ಸರ್ವಮಂಗಳಮ್ಮನನ್ನು ಎತ್ತಿ ಆಡಿಸಿ ಸಾಕಿದ ಅಕ್ಕ. ದೊಡ್ಡಮ್ಮನ ಮಗ ಉದಯಕುಮಾರ್ ಫೋನ್ ಮಾಡಿ, "ಬಿಸಿಲು ಜಾಸ್ತಿ ಚಿಕ್ಕಮ್ಮ, ಇಡಕ್ಕಾಗಲ್ಲ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ತೀವಿ, ಬೇಗ ಬನ್ನಿ" ಎಂದ. ಅಮ್ಮ ವಿಭೂತಿ ಗಟ್ಟಿಯೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಅಕ್ಕನ ಮುಖ ನೋಡಬೇಕು, ಹಣೆಗೆ ಕೊನೆಯ ಸಲ ತನ್ನ ಕೈಯಾರೆ ವಿಭೂತಿ ಹಚ್ಚಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಬೆಟ್ಟಸ್ವಾಮಿಯ ಕಾರು ಹತ್ತಿ ಹೊರಟೆವು. ಊರು ದಾಟುವಾಗ ಬಂಕು ಬಂತು. "ಡೀಸೆಲ್ ಇದೆಯಾ ಬೆಟ್ಟಣ್ಣ?" ಎಂದು ನಾನು ಬಾಯಿಬಿಟ್ಟು ಕೇಳಿದೆ.

"ಕ್ಯೂ ನೋಡಮ್ಮ, ಸುಮ್ನೆ ಲೇಟಾಗ್ತದೆ. ಅಲ್ಲೀಗಂಟ ಆರಾಮಾಗಿ ಹೋಯ್ತದೆ, ಬುಡು."

ಅಮ್ಮನಿಗೆ ತಡವಾಗಬಾರದು ಎಂದೇ ನಿಲ್ಲಿಸಲಿಲ್ಲವಂತೆ. ಅವನ ಕಾಳಜಿಗೆ ಬೆಂಕಿ ಬೀಳಲಿ!

ಸಿ.ಎಸ್. ಪುರ ದಾಟಿ ಸ್ವಲ್ಪ ದೂರದಲ್ಲಿ, ಒಂದು ಏರಿನಲ್ಲಿ, ಕಾರು ಎರಡು ಸಲ ಕೆಮ್ಮಿ ನಿಂತಿತು. ಬೆಟ್ಟಸ್ವಾಮಿ ಯಾರದೋ ಬೈಕ್ ಹತ್ತಿ ಹೋಗಿ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದ. ಆದರೂ ಇಂಜಿನ್ ಸ್ಟಾರ್ಟ್ ಆಗಲಿಲ್ಲ. ಪೂರ್ತಿ ಬರಿದಾಗಿ ಪೈಪಿನೊಳಗೆ ಗಾಳಿ ಸೇರಿಕೊಂಡಿತ್ತು, ಅದನ್ನು ತೆಗೆಯದೆ ಗಾಡಿ ಏಳುವುದಿಲ್ಲ. ಬಾನೆಟ್ ಎತ್ತಿ ಅವನು ಗುದ್ದಾಡುತ್ತಲೇ ಇದ್ದ. ಮಂಡಿ ಮಡಚಲಾಗದ ಅಮ್ಮನನ್ನು ಬೈಕಿಗೆ ಹತ್ತಿಸುವಂತಿರಲಿಲ್ಲ. ಬಸ್ಸು ಬರಲಿಲ್ಲ, ಕೈ ಅಡ್ಡ ಹಿಡಿದರೂ ಒಂದು ಕಾರೂ ನಿಲ್ಲಲಿಲ್ಲ. ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಅಮ್ಮ ಮಾತ್ರ ಹಿಂದಿನ ಸೀಟಿನಲ್ಲಿ ಸೆರಗಿನ ಗಂಟು ಹಿಡಿದು, ಇಳಿಯುತ್ತಿದ್ದ ಬಿಸಿಲನ್ನು ನೋಡುತ್ತಾ ಕೂತಿದ್ದಳು.

ಕೊನೆಗೂ ಗಾಡಿ ಎದ್ದು ನಾವು ಮುಟ್ಟುವಷ್ಟರಲ್ಲಿ ಗುಂಡಿ ಮುಚ್ಚಿ ಆಗಿತ್ತು. ಅಮ್ಮ ಗಂಟು ಬಿಚ್ಚಿ ವಿಭೂತಿಯನ್ನು ಹಸಿ ಮಣ್ಣಿನ ಮೇಲೆ ಉಜ್ಜಿದಳು.

ಹೊರಡುವ ಹೊತ್ತಿಗೆ ಬೆಟ್ಟಸ್ವಾಮಿ ಬಿಂದಿಯನ್ನು ಕಿತ್ತುಹಾಕಿದ್ದ. ಅದರ ಕೆಳಗೆ ದೀಪ ಉರಿಯುತ್ತಲೇ ಇತ್ತು. ಕುಣಿಗಲ್ ಬಂಕಿಗೆ ಕಾರು ತಿರುಗಿಸಿ, ತಗ್ಗಿದ ದನಿಯಲ್ಲಿ, "ಫುಲ್ ಟ್ಯಾಂಕ್ ಮಾಡಪ್ಪ" ಎಂದ.

ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು:

"ಈಗ ಯಾರ ಮುಖ ನೋಡಕ್ಕೆ ತುಂಬಿಸ್ತಿದೀಯೋ?"