ಕೊರಿಂಥ್‌ನಲ್ಲಿ ಭಾವನ ಬರಿಗಾಲು

ಕಳೆದ ತಿಂಗಳು ಗ್ರೀಸ್ ದೇಶದ ಕೊರಿಂಥ್‌ನಲ್ಲಿ, ಎರಡು ಸಾವಿರ ವರ್ಷ ಹಳೆಯ ಪಾಳುಗೋಡೆಗಳ ನಡುವೆ, ಮಟಮಟ ಮಧ್ಯಾಹ್ನ ನಾನು ಭಾವನ ಶೂ ಕೈಯಲ್ಲಿ ಹಿಡಿದು ಅವರ ಹಿಂದೆ ಓಡುತ್ತಿದ್ದೆ. ಅಷ್ಟು ದೂರ ವಿಮಾನದಲ್ಲಿ ಟೂರು ಹೋಗಿದ್ದು ಇದಕ್ಕಾ?

ಭಾವ ಹಳೇಬೀಡಿನಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ಶುಗರ್ ಇದೆ. ಹಿಮ್ಮಡಿಯ ಗಾಯ ಮಾಯಲು ಆರು ತಿಂಗಳು ಹಿಡಿದಿತ್ತು. ಇನ್ನೊಂದು ಗಾಯವಾದರೆ ಕಾಲು ಉಳಿಯೋದು ಕಷ್ಟ ಎಂದು ಡಾಕ್ಟರ್ ಹೆದರಿಸಿದ್ದರು. ಅರಸೀಕೆರೆ ಸ್ಟೇಷನ್ನಿನಲ್ಲಿ ಅಕ್ಕ ನನ್ನ ಕೈ ಹಿಡಿದು, "ಅವರನ್ನ ಬರಿಗಾಲಲ್ಲಿ ಬಿಡಬೇಡ ಕಣೋ" ಎಂದಿದ್ದಳು. ಕಣ್ಣಲ್ಲಿ ನೀರಿತ್ತು. ನಾನು ಹೂಂ ಎಂದಿದ್ದೆ. (ಶೂ ತಾನೇ, ಅದೇನು ಮಹಾ ಎಂದುಕೊಂಡಿದ್ದೆ.)

ಗೈಡಮ್ಮ ಎತ್ತರದ ಕಲ್ಲಿನ ಜಗಲಿಯೊಂದನ್ನು ತೋರಿಸಿ, "ಸಂತ ಪೌಲರು ಇಲ್ಲೇ ನಿಂತಿದ್ದರು" ಎಂದಳು. ಸಂತರು ಅಂದದ್ದೇ ತಡ, ಭಾವ ಶೂ ಬಿಚ್ಚಿದರು!

"ಭಾವ, ಬರೀ ಮುರಿದ ಕಲ್ಲು. ಪೂಜೆ ಗೀಜೆ ಏನೂ ಇಲ್ಲ."

"ಹಳೇಬೀಡಲ್ಲೂ ಮುರಿದದ್ದು ಬೇಕಾದಷ್ಟೈತೆ. ಅಲ್ಲಿ ಮೆಟ್ಟು ಹಾಕ್ಕೊಂಡು ಹೋಗ್ತೀಯೇನ್ಲಾ?"

ಭಾವ ಪ್ರದಕ್ಷಿಣೆ ಶುರುಮಾಡಿಯೇ ಬಿಟ್ಟರು. ಕಾದ ಕಲ್ಲು, ಚೂಪು ಜಲ್ಲಿ. ನಾನು ಶೂ ಎತ್ತಿಕೊಂಡು ಹಿಂದೆ ಓಡಿದೆ.

ಅಷ್ಟರಲ್ಲಿ ಕೊರಿಯಾದ ಕ್ರೈಸ್ತ ಯಾತ್ರಿಕರ ಬಸ್ಸು ಬಂತು. ಇಳಿದವರು ಭಾವನ ಬರಿಗಾಲು ನೋಡಿದರು. ಪಿಸಪಿಸ ಮಾತಾಡಿಕೊಂಡರು. ಸಾಲಾಗಿ ಶೂ ಬಿಚ್ಚಿಟ್ಟು ಭಾವನ ಹಿಂದೆ ಹೊರಟರು. ಎರಡನೇ ಸುತ್ತಿಗೆ ಜರ್ಮನ್ ದಂಪತಿಯೂ ಸೇರಿಕೊಂಡರು. ಗೈಡಮ್ಮ ತೆರೆದ ಬಾಯಿ ಮುಚ್ಚಿರಲಿಲ್ಲ.

"ಮೇಡಂ, ಇದು ನಿಜಕ್ಕೂ ಏನು?" ಅಂತ ಕೇಳಿದೆ.

"ರೋಮನ್ನರ ಕೋರ್ಟು. ಪೌಲರನ್ನು ವಿಚಾರಣೆಗೆ ತಂದು ನಿಲ್ಲಿಸಿದ ಜಾಗ."

ಓಡಿಹೋಗಿ ಭಾವನಿಗೆ ಹೇಳಿದೆ. ಗಕ್ಕನೆ ನಿಂತರು.

"ಕೋರ್ಟಾ? ಮೊದ್ಲೇ ಬೊಗಳೋಕೇನ್ಲಾ ಆಗಿತ್ತು!"

ನನ್ನ ಕೈಯಿಂದ ಶೂ ಕಿತ್ತುಕೊಂಡು ಹಾಕಿಕೊಳ್ಳಲು ಕೂತರು. ಹಿಮ್ಮಡಿ ಎತ್ತಿ ನೋಡಿದೆ, ಒಂದು ಗೀರೂ ಇರಲಿಲ್ಲ. ಅಳು ಬರುವಷ್ಟು ಸಮಾಧಾನವಾಯಿತು.

ಸುತ್ತುತ್ತಿದ್ದ ಉಳಿದವರಿಗೆ ಹೇಳುವವರಾರು? ನಾನೇ ಹೋದೆ. ಮುಂದಿದ್ದ ಕೊರಿಯಾದ ಅಜ್ಜಿ ಕೈಮುಗಿದು ಪ್ರಾರ್ಥಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಶೂ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಆ ಮುಖಕ್ಕೆ ಕೋರ್ಟು ಅಂತ ಹೇಳುವುದು ಹೇಗೆ? ಬಿಚ್ಚಿದೆ. ಅವಳ ಜೊತೆ ಮೂರು ಸುತ್ತು ಹಾಕಿದೆ.

ಈಗ ಬ್ಯಾಂಡೇಜು ನನ್ನ ಹಿಮ್ಮಡಿಗೆ. ಅಕ್ಕ ಮುಲಾಮು ಹಚ್ಚುತ್ತಾ ದಿನಾ ಕೇಳುತ್ತಾಳೆ: "ಅಲ್ವೋ, ಕೋರ್ಟಿಗೆ ಯಾರಾದ್ರೂ ಬರಿಗಾಲಲ್ಲಿ ಹೋಗ್ತಾರೇನೋ?"