ಎಲ್ಲಿಂದ ಬಂದ್ರಿ ಅಂತ ಯಾರೂ ಕೇಳಲಿಲ್ಲ

ನಮ್ಮ ದೊಡ್ಡವ್ವ ವಿಮಾನದಿಂದ ಇಳಿದು ಹೊರಗೆ ಬಂದಾಗ ಅವಳ ಚೀಲದ ಹಿಡಿಕೆಗೆ ವಿಮಾನದವರ ಉದ್ದನೆಯ ಬಿಳಿ ಚೀಟಿಯೊಂದು ಬಾಲದಂತೆ ಅಂಟಿಕೊಂಡಿತ್ತು. ನಾನು ಅದನ್ನು ಹರಿಯಲು ಹೋದೆ. ಅವಳು ನನ್ನ ಕೈಗೆ ಚಟ್ಟನೆ ಒಂದು ಏಟು ಕೊಟ್ಟಳು.

"ಅದು ಊರು ಮುಟ್ಟೋತನಕ ಇರಬೇಕು," ಅಂದಳು. ಮೂರು ತಿಂಗಳ ಮೇಲೆ ಮುಖ ನೋಡಿದ ತಂಗಿಯ ಮಗಳಿಗೆ ಅವಳು ಆಡಿದ ಮೊದಲ ಮಾತು ಅದು.

ನಾನು ಆಗ ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅದು ನನಗೆ ಸಂಬಳಕ್ಕಿಂತ ಮೊದಲೇ ಇದ್ದ ಚಟ ಎಂದು ಮನೆಯವರು ಹೇಳುತ್ತಾರೆ. ಬಸ್ಸಿನ ದರಕ್ಕೇ ವಿಮಾನದ ಟಿಕೆಟ್ ಮಾರುತ್ತಿದ್ದ ದಿನಗಳವು. ಹೈದರಾಬಾದಿನ ವಿಮಾನ ನಿಲ್ದಾಣ ಊರ ನಡುವಿನಿಂದ ಎದ್ದು ಶಂಶಾಬಾದಿನ ಬಂಡೆಗಳ ನಡುವೆ ಹೋಗಿ ಕೂತಿತ್ತು. ಮುಂಬೈಯಿಂದ ಅಲ್ಲಿಗೆ ಹಾರಿ ಬರುವುದಕ್ಕಿಂತ ಅಲ್ಲಿಂದ ನಮ್ಮ ಮಿಯಾಪುರಕ್ಕೆ ಬರುವುದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ದೊಡ್ಡವ್ವ ಮಗಳ ಎರಡನೆಯ ಬಾಣಂತನಕ್ಕೆಂದು ಮುಂಬೈಗೆ ಹೋಗಿದ್ದಳು. ಹೋಗುವಾಗ ರೈಲು. ಬರುವಾಗ ಅಳಿಯ ಉದಾರಿಯಾಗಿ ವಿಮಾನ ಹತ್ತಿಸಿದ್ದ. ಹೈದರಾಬಾದಿನಿಂದ ಅವಳನ್ನು ಗಡಿಯಾಚೆ, ಬೀದರ ಕಡೆಯ ಅವಳ ಹಳ್ಳಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

"ಟ್ಯಾಕ್ಸಿ ಮಾಡ್ತೀನಿ, ಮನಿ ಬಾಗಿಲಿಗೇ ಇಳೀಬಹುದು," ಅಂದೆ.

"ಕಾರಿನಾಗ ಕಿಡಕಿ ಮುಚ್ಚಿದ್ರ ನಂಗ ಹೊಟ್ಟಿ ತೊಳಸ್ತೈತಿ. ಅದೂ ಅಲ್ದ, ಕಾರಿನಾಗ ಕೇಳವ್ರು ಯಾರದಾರ?"

ಈ ಮಾತು ಅರ್ಥವಾಗಬೇಕಾದರೆ ದೊಡ್ಡವ್ವನ ಮನೆ ಎಲ್ಲಿದೆ ಎಂದು ತಿಳಿಯಬೇಕು. ಅದು ಊರಿನ ಬಸ್ ಸ್ಟ್ಯಾಂಡಿನ ಎದುರಿಗಿದೆ. ಪರ ಊರಿನಿಂದ ಯಾರೇ ಬಂದಿಳಿದರೂ ಅವಳ ಕಟ್ಟೆಯ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದೇ ಮುಂದೆ ಹೋಗುವುದು. ನೀರು ಕೊಟ್ಟು ಅವಳು ಕೇಳುತ್ತಿದ್ದಳು: ಎಲ್ಲಿಂದ ಬಂದ್ರಿ, ಹ್ಯಾಂಗ ಬಂದ್ರಿ, ದಾರಿಯಾಗ ಏನೇನು ಕಂಡಿತು. ಕಾಶಿಗೆ ಹೋದವರು, ದುಬೈಗೆ ಹೋದವರು ಎಲ್ಲರ ಪ್ರಯಾಣವನ್ನೂ ಅವಳು ಕಟ್ಟೆಯ ಮೇಲೇ ಕೂತು ಮಾಡಿ ಮುಗಿಸಿದ್ದಳು. ಈಗ ಅವಳ ಸರದಿ ಬಂದಿತ್ತು. ಈ ಒಂದು ಸಲವಾದರೂ ಯಾರಾದರೂ ಅವಳನ್ನು ಕೇಳಬೇಕಾಗಿತ್ತು.

ಹಾಗಂತ ತಾನಾಗಿ ಹೇಳುವಂತಿಲ್ಲ. ಅದಕ್ಕೊಂದು ಕಾಯಿದೆ ಇತ್ತು. "ಕೇಳ್ದೇ ಹೇಳಿದ್ರ ಜಂಬ, ಕೇಳಿದ ಮ್ಯಾಲ ಹೇಳಿದ್ರ ಸುದ್ದಿ," ಎಂದು ಅವಳೇ ನನಗೆ ವಿವರಿಸಿದಳು. ವಿಮಾನದ ವಿಷಯ ಊರಿನಲ್ಲಿ ದೊಡ್ಡಪ್ಪನಿಗೆ ಮಾತ್ರ ಗೊತ್ತು. ಅವನಿಗೆ ಹೇಳುವುದೂ ಒಂದೇ, ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚುವುದೂ ಒಂದೇ.

ವಿಮಾನ ನಿಲ್ದಾಣದ ಬಸ್ಸಿಗಾಗಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ದೊಡ್ಡವ್ವ ಆ ಕಡೆ ಈ ಕಡೆ ನೋಡಿ ನನ್ನ ಕಿವಿಯ ಹತ್ತಿರ ಬಂದಳು.

"ಒಂದು ಮಾತು, ಮಗಳ. ಯಾರ ಮುಂದೂ ಅನ್ನಬ್ಯಾಡ. ಹತ್ತಿದಾಗ ಕಣ್ಣು ಮುಚ್ಚಿದವಳು, ಗಾಲಿ ನೆಲಕ್ಕ ದಡ್ ಅಂದ ಮ್ಯಾಲೇ ತೆರದೆ."

"ಪೂರ್ತಿ?"

"ಪೂರ್ತಿ. ಲಗ್ನ ಆದ ಹೊಸದಾಗ ನಿಮ್ಮ ದೊಡ್ಡಪ್ಪ ಸೈಕಲ್ ಮ್ಯಾಲ ಕುಂದರಿಸಿಕೊಂಡು ಹೋದ್ರು ನೋಡು, ಅವತ್ತೂ ಹಂಗ. ಅಂಜಿಕಿ ಬಂದ್ರ ನನ್ನ ಕಣ್ಣು ತಾನೇ ಮುಚ್ಚತಾವು."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುವ ಗಾದೆಗೆ ಅಷ್ಟು ಸರಿಯಾಗಿ ಹೊಂದುವ ಮನುಷ್ಯರನ್ನು ನಾನು ಬೇರೆ ನೋಡಿಲ್ಲ. ಮತ್ತೆ ಯಾರಾದರೂ ಕೇಳಿದರೆ ಏನು ಹೇಳುತ್ತೀ ಎಂದೆ. ಅದಕ್ಕೆಲ್ಲ ಅವಳು ತಯಾರಾಗಿದ್ದಳು. ಕಟ್ಟೆಯ ಮೇಲೆ ಇಷ್ಟು ವರ್ಷ ಕೇಳಿದ್ದು ಇನ್ನೇನಕ್ಕೆ ಬರಬೇಕು?

"ಮೋಡ ಅಂದ್ರ ಹಿಂಜಿದ ಹತ್ತಿ. ಕೆಳಗ ಬಸ್ಸು, ಲಾರಿ ಎಲ್ಲಾ ಇರುವಿ ಸಾಲು. ಹುಡುಗಿ ಬಂದು ಕೈತುಂಬ ಪೆಪ್ಪರಮೆಂಟು ಕೊಡ್ತಾಳ."

ನನ್ನ ಚಟ ಸುಮ್ಮನಿರಲಿಲ್ಲ. "ಮೋಡದ ಮ್ಯಾಲ ಇದ್ರ ಕೆಳಗಿನ ಲಾರಿ ಹ್ಯಾಂಗ ಕಾಣ್ತಾವು?"

ಅವಳು ಸ್ವಲ್ಪ ಯೋಚಿಸಿದಳು. "ಮೋಡ ಅಲ್ಲಲ್ಲಿ ಹರಿದಿತ್ತು."

"ಈಗ ಪೆಪ್ಪರಮೆಂಟು ಕೊಡಂಗಿಲ್ಲ. ನೀರೂ ರೊಕ್ಕ ಕೊಟ್ಟೇ ತಗೋಬೇಕು."

"ಕೊಟ್ರು. ನೀ ಇದ್ದೇನು ಅಲ್ಲಿ?"

ನೀನೂ ಇರಲಿಲ್ಲವಲ್ಲ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಸ್ಸು ಬಂತು.

ವಿಮಾನ ನಿಲ್ದಾಣದ ಬಸ್ಸು ನಮ್ಮ ಉದ್ದೇಶಕ್ಕೆ ದಂಡ. ಅದರಲ್ಲಿ ಕೂತವರೆಲ್ಲ ವಿಮಾನದಿಂದಲೇ ಇಳಿದವರು. ಹಬ್ಬದ ದಿನ ಹೋಳಿಗೆ ಹಿಡಿದುಕೊಂಡು ಹೋದ ಹಾಗಾಯಿತು, ಎಲ್ಲರ ಮನೆಯಲ್ಲೂ ಅದೇ. ಎಲ್ಲ ಚೀಲಗಳಿಗೂ ಬಾಲವಿತ್ತು. ಹುಡುಗ ಹುಡುಗಿಯರು ಕಿವಿಗೆ ವೈರು ಸಿಕ್ಕಿಸಿಕೊಂಡು ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲವನ್ನು ಕೂಸಿನಂತೆ ಮಲಗಿಸಿಕೊಂಡು ನಿದ್ದೆ ಹೋಗಿದ್ದರು. ದೊಡ್ಡವ್ವ ಕೂತವಳೇ ಸೊಂಟದ ಎರಡೂ ಬದಿಗೆ ಕೈಯಾಡಿಸಿ ವಿಮಾನದಲ್ಲಿ ಬಿಗಿದುಕೊಂಡಿದ್ದಂಥ ಪಟ್ಟಿ ಹುಡುಕಿದಳು. ಬಸ್ಸಿಗೆ ಪಟ್ಟಿ ಇರುವುದಿಲ್ಲ ಎಂದೆ. ಅದಕ್ಕೇ ಬಸ್ಸು ಮ್ಯಾಲ ಏಳಂಗಿಲ್ಲ ಅಂದಳು.

ಗಚ್ಚಿಬೌಲಿ ದಾಟಿ, ಕೊಂಡಾಪುರದಲ್ಲಿ ನಮ್ಮ ಆಫೀಸಿನ ಮುಂದೆಯೇ ಹಾದು ಮಿಯಾಪುರಕ್ಕೆ ಬಂದಿಳಿದೆವು. "ಇನ್ನ ನೋಡು," ಎಂದು ದೊಡ್ಡವ್ವ ಸೆರಗು ಸರಿಮಾಡಿಕೊಂಡಳು. ಜಹೀರಾಬಾದಿನ ಕೆಂಪು ಬಸ್ಸು ಹತ್ತಿದೆವು. ಅದರಲ್ಲಿ ನಮ್ಮ ಕಡೆಯ ಕೂಲಿ ಕೆಲಸದವರು ಅರ್ಧದಷ್ಟಿದ್ದರು. ಅಪಾರ್ಟ್‌ಮೆಂಟ್ ಕಟ್ಟಲು ಬಂದು, ತಿಂಗಳಿಗೊಮ್ಮೆ ಗಂಟು ಮೂಟೆ ಕಟ್ಟಿಕೊಂಡು ಊರಿಗೆ ಹೋಗುವವರು. ದೊಡ್ಡವ್ವ ಚೀಲವನ್ನು ಸೀಟಿನ ಕೆಳಗೆ ಇಡಲು ಬಿಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಚೀಟಿ ಎಲ್ಲರಿಗೂ ಕಾಣುವಂತೆ ಬಿಡಿಸಿಟ್ಟಳು.

ಪಕ್ಕದ ಸಾಲಿನಲ್ಲಿದ್ದವನೊಬ್ಬ ನಮ್ಮ ಮಾತು ಕೇಳಿ ತಿರುಗಿದ. ದೊಡ್ಡವ್ವನ ಮುಖ ಅರಳಿತು.

"ಕನ್ನಡದವ್ರೇನ್ರಿ? ಯಾವ ಮೇಸ್ತ್ರಿ ಕೈಯಾಗ ಅದೀರಿ?" ಎಂದು ಕೇಳಿದ.

ಮೇಸ್ತ್ರಿಯ ಕೈಯಲ್ಲಿಲ್ಲ, ಇವಳದು ಕಂಪ್ಯೂಟರ್ ಕೆಲಸ ಎಂದು ದೊಡ್ಡವ್ವ ನನ್ನನ್ನು ತೋರಿಸಿದಳು. ಅವನು ಸ್ವಲ್ಪ ಹೊತ್ತು ನನ್ನನ್ನು ಕನಿಕರದಿಂದ ನೋಡಿ, ಕೂಲಿ ವಾರಕ್ಕೊಮ್ಮೆ ಕೊಡುತ್ತಾರೋ ತಿಂಗಳಿಗೋ ಎಂದು ವಿಚಾರಿಸಿದ. ತಿಂಗಳಿಗೆ ಅಂದೆ. ತಲೆ ಅಲ್ಲಾಡಿಸಿ ಮಲಗಿಬಿಟ್ಟ.

ಆಮೇಲೆ ಕಂಡಕ್ಟರ್ ಬಂದ. ನನಗೆ ಈಗಲೂ ಅದನ್ನು ನೆನೆದರೆ ಕೈ ಹಿಸುಕಿಕೊಳ್ಳುವಂತಾಗುತ್ತದೆ. ಎಲ್ಲಿಗೆ ಎಂದು ತೆಲುಗಿನಲ್ಲಿ ಕೇಳಿದ, ಜಹೀರಾಬಾದ್ ಎಂದೆ. ಅವನು ಟಿಕೆಟ್ಟಿಗೆ ಕೈ ಹಾಕಿ, ದೊಡ್ಡವ್ವನ ಸೀರೆ ನೋಡಿ, ಹೈದರಾಬಾದಿನ ಹಿಂದಿಗೆ ಹೊರಳಿ ಅವಳನ್ನೇ ಕೇಳಿದ. "ಅಮ್ಮಾ, ಕಹಾಂ ಸೆ ಆರೈಂ?"

ಎಲ್ಲಿಂದ ಬರುತ್ತಿದ್ದೀರಿ! ದೊಡ್ಡವ್ವ ಬೆನ್ನು ನೆಟ್ಟಗೆ ಮಾಡಿದಳು. ಗಂಟಲು ಸರಿಮಾಡಿಕೊಂಡಳು. ಹತ್ತಿಯಂಥ ಮೋಡಗಳೆಲ್ಲ ಅವಳ ಬಾಯಿಯ ಬಾಗಿಲಿಗೆ ಬಂದು ನಿಂತಿದ್ದವು.

"ಮಿಯಾಪುರ್," ಅಂದೆ ನಾನು.

ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನಾದೆ. ಸಂಗಾರೆಡ್ಡಿ ದಾಟುವವರೆಗೆ ದೊಡ್ಡವ್ವ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ತಂದಿದ್ದ ಚೂಡಾ ಒಬ್ಬಳೇ ತಿಂದಳು. ಸಮಾಧಾನ ಮಾಡೋಣವೆಂದು ನಾನು ಭೂಗೋಳಕ್ಕೆ ಇಳಿದೆ. ಮುಂಬೈಯಿಂದ ಬರುವ ವಿಮಾನ ಈ ರಸ್ತೆಯ ಮೇಲೆಯೇ ಹೆಚ್ಚುಕಡಿಮೆ ಹಾದುಬರುತ್ತದೆ, ನಿಮ್ಮೂರಿನ ಮೇಲೂ ಹಾದಿರಬೇಕು ಎಂದೆ.

ಅವಳು ತಟ್ಟನೆ ತಿರುಗಿದಳು. "ನಮ್ಮೂರ ಮ್ಯಾಲೇ?"

"ಹೌದು."

"ಹಂಗಾದ್ರ ಅಲ್ಲೇ ಇಳಸಬೇಕಿತ್ತಲ್ಲ. ಮನಿ ಮ್ಯಾಲ ಹಾದು ಹೋಗಿ, ಮುಂದ ಇಳದು, ಇಡೀ ದಿನ ಹೊಳ್ಳಿ ಬರೂದಂದ್ರ ಯಾವ ಶ್ಯಾಣ್ಯಾತನ?"

ನಾನು ಭೂಗೋಳವನ್ನು ಅಲ್ಲಿಗೇ ಬಿಟ್ಟೆ.

ಜಹೀರಾಬಾದಿನಲ್ಲಿ ಇಳಿದು ಟಂಟಂ ಹತ್ತಿದೆವು. ಮೂರು ಗಾಲಿಯ ಆ ಬಡಪಾಯಿ ಗಾಡಿಯಲ್ಲಿ ಸಂತೆ ಮುಗಿಸಿದ ಹೆಂಗಸರು, ಅವರ ಬುಟ್ಟಿಗಳು, ಕಾಲು ಕಟ್ಟಿದ ಎರಡು ಕೋಳಿಗಳು, ನಾವು. ಎದುರಿಗೆ ಬದನೆಕಾಯಿ ಬುಟ್ಟಿ ಇಟ್ಟುಕೊಂಡವಳ ಮೂಗಿಗೇ ಚೀಟಿ ತಾಕುತ್ತಿತ್ತು. ಎರಡು ಮೂರು ಸಲ ತಳ್ಳಿ ನೋಡಿದಳು. ಕೊನೆಗೆ ಕೈಯಲ್ಲಿ ಹಿಡಿದುಕೊಂಡು, "ಇದೇನ್ರಿ ಯವ್ವಾ?" ಎಂದಳು.

ನಾನು ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ. ದೊಡ್ಡವ್ವ ನನ್ನ ಕಡೆ ಒಮ್ಮೆ ಎಚ್ಚರಿಕೆಯಿಂದ ನೋಡಿ ಬಾಯಿ ತೆರೆದಳು. ಅಷ್ಟರಲ್ಲಿ ಬದನೆಕಾಯಿಯವಳೇ ಮುಂದುವರಿಸಿದಳು. "ರೇಟಿನ ಚೀಟಿ ಇನ್ನೂ ಬಿಚ್ಚಿಲ್ಲಲ್ರಿ. ಹೊಸಾ ಚೀಲೇನು? ಎಷ್ಟಕ್ಕ ಕೊಟ್ಟ?"

ಟಂಟಂ ತುಂಬ ಚೀಲದ ಚರ್ಚೆ ಎದ್ದಿತು. ಒಬ್ಬಳು ಜಿಪ್ಪು ಎಳೆದು ನೋಡಿದಳು. ಇನ್ನೊಬ್ಬಳು ಉಗುರಿನಿಂದ ರೆಕ್ಸಿನ್ನು ಕೆರೆದು, ಇದು ಎರಡು ಮಳೆಗಾಲ ಬಾಳುವುದಿಲ್ಲ, ನಿಮಗೆ ಟೋಪಿ ಹಾಕಿದ್ದಾನೆ ಎಂದು ತೀರ್ಪು ಕೊಟ್ಟಳು. ಇದು ರೇಟಿನ ಚೀಟಿಯಲ್ಲ ಎಂದು ಹೇಳಲು ದೊಡ್ಡವ್ವ ಹೊರಟಾಗಲೆಲ್ಲ ಗಾಡಿ ಒಂದೊಂದು ಗುಂಡಿಗೆ ಬೀಳುತ್ತಿತ್ತು, ಕೋಳಿಗಳು ಕೂಗುತ್ತಿದ್ದವು. ಗಡಿ ದಾಟುವಾಗ ಅವಳು ಚೀಲ ಕೊಂಡದ್ದು ದುಬಾರಿಯಾಯಿತು ಎಂದು ಒಪ್ಪಿಕೊಂಡೇಬಿಟ್ಟಿದ್ದಳು. ಆ ಚೀಲ ಅಳಿಯ ಸುಮ್ಮನೆ ಕೊಟ್ಟದ್ದು.

ಹೊತ್ತು ಮುಳುಗುವ ಮುಂಚೆ ಊರು ಮುಟ್ಟಿದೆವು. ನನಗೆ ಊರಿನ ಮೇಲೆ ಭರವಸೆ ಇತ್ತು. ಇಡೀ ಊರಿನವರನ್ನು ಕೇಳಿದವಳನ್ನು ಊರು ಒಂದು ಮಾತು ಕೇಳದೆ ಬಿಟ್ಟೀತೇ? ನೆರೆಹೊರೆಯವರು ಕಟ್ಟೆಯ ಮುಂದೆ ಕೂಡಿಯೂ ಕೂಡಿದರು.

"ಮೊಮ್ಮಗಳು ಯಾರಂಗ ಅದಾಳ?" ಎಂದು ಮೊದಲನೆಯವಳು ಕೇಳಿದಳು.

"ಅಪ್ಪನಂಗ," ಅಂದಳು ದೊಡ್ಡವ್ವ, ಇನ್ನೇನು ಮುಂದಿನ ಪ್ರಶ್ನೆ ಅದೇ ಬರುತ್ತದೆ ಎಂಬ ನಂಬಿಕೆಯಿಂದ.

"ಕೂಸು ಯಾರಂಗ ಐತಿ?" ಎಂದು ಎರಡನೆಯವಳು.

"ಅವ್ವನಂಗ."

ಮೂರನೆಯವಳೂ ಅದನ್ನೇ ಕೇಳಿದಾಗ, "ಮನಷ್ಯಾರಂಗ ಐತಿ," ಎಂದು ಒಳಗೆ ನಡೆದಳು. ಮುಂಬೈಯ ಹವೆ ಅವಳಿಗೆ ಆಗಿಬಂದಿಲ್ಲ ಎಂದುಕೊಂಡು ಎಲ್ಲರೂ ಚೆದುರಿದರು. ಹುಟ್ಟಿ ಮೂರು ತಿಂಗಳೂ ಆಗದ ಮೊಮ್ಮಗಳು ಅಜ್ಜಿಯ ವಿಮಾನವನ್ನು ಅಷ್ಟು ದೂರದಿಂದಲೇ ಇಳಿಸಿಬಿಟ್ಟಿದ್ದಳು.

ಅಡುಗೆಮನೆಯಲ್ಲಿ ದೊಡ್ಡವ್ವ ಚೀಟಿಯನ್ನು ಕಿತ್ತು ಒಲೆಗೆ ಹಾಕಿದಳು. ಅದು ಸರಿಯಾಗಿ ಉರಿಯಲೂ ಇಲ್ಲ, ಮುದುಡಿ ಕೆಟ್ಟ ವಾಸನೆ ಬಂತು. ಅವಳ ಕಣ್ಣಲ್ಲಿ ನೀರಿತ್ತು. ಹೊಗೆಗೆ ಅಂದಳು. ನಗಬೇಕೆಂದಿದ್ದ ನನಗೆ ನಗು ಬರಲಿಲ್ಲ. ಅಯ್ಯೋ ಅನ್ನಿಸಿತು, ಆ ಕಂಡಕ್ಟರ್ ಕೇಳಿದಾಗಲಾದರೂ ಸುಮ್ಮನಿರಬೇಕಿತ್ತು ಅನ್ನಿಸಿತು.

ಆಗ ದೊಡ್ಡಪ್ಪ ಹೊಲದಿಂದ ಬಂದ. ಹೆಗಲ ಮೇಲೆ ಎಂದಿನ ಕೆಂಪು ಟವೆಲ್ಲು. ನನ್ನ ಜೀವಮಾನದಲ್ಲಿ ಅವನು ಯಾರನ್ನಾದರೂ ಕೇಳಿದ್ದು ಒಂದೇ ಪ್ರಶ್ನೆ. ಅದನ್ನೇ ನನಗೂ ಕೇಳಿದ, "ಉಂಡೇನು?" ಆಮೇಲೆ ಒಲೆಯ ಮುಂದೆ ಮಣೆ ಎಳೆದುಕೊಂಡು ಕೂತ. ದೊಡ್ಡವ್ವ ಚಹಾ ಕೊಟ್ಟಳು. ಕಪ್ಪಿನಿಂದ ಬಸಿಗೆ ಬಗ್ಗಿಸಿಕೊಂಡು ಅರ್ಧ ಕುಡಿದ ಮೇಲೆ ಬಾಯಿ ಬಿಟ್ಟ.

"ಸೀಟು ಸಿಕ್ಕಿತ್ತೇನು?"

"ಬಸ್ಸಿನಾಗೇನ್ರಿ?"

"ಅಲ್ಲ. ವಿಮಾನದಾಗ."

ದೊಡ್ಡವ್ವ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು. "ಸಿಕ್ಕಿತ್ರಿ. ಕಿಡಕಿ ಬದಿಗೇ ಸಿಕ್ಕಿತ್ತು."

"ಮುಂಜಾನಿ ಹೊಲದಾಗ ನಿಂತಿದ್ದೆ. ಮ್ಯಾಲ ಒಂದು ಹೋತು. ನಿಂದೇ ಇರಬೇಕಂತ ಟವೆಲ್ ಬೀಸಿದೆ." ಅವನು ಬಸಿಯನ್ನೇ ನೋಡುತ್ತಿದ್ದ. "ಕಂಡಿತೇನು?"

ದೊಡ್ಡವ್ವ ನನ್ನ ಕಡೆ ನೋಡಲೇ ಇಲ್ಲ.

"ಯಾಕ ಕಾಣಂಗಿಲ್ರಿ? ಕಂಡಿತು. ಬೆಳ್ಳಗ, ಭಾಳ ಚೆಂದ ಕಂಡಿತು."

ನನ್ನ ಕಣ್ಣು ಹೋಗಿ ಹೆಗಲ ಮೇಲಿನ ಕೆಂಪು ಟವೆಲ್ಲಿನ ಮೇಲೆ ನಿಂತಿತು. ದೊಡ್ಡಪ್ಪ ಅದನ್ನು ನಿಧಾನವಾಗಿ ತೆಗೆದು, ನಾಲ್ಕು ಮಡಿಕೆ ಮಾಡಿ, ಮಣೆಯ ಮೇಲೆ ಹಾಕಿಕೊಂಡು ಅದರ ಮೇಲೆ ಕೂತುಬಿಟ್ಟ.

"ಹೌದು, ಬಿಳೀದೇ ಇತ್ತು," ಅಂದ. "ಮುಂದ ಹೇಳು. ಮೋಡ ಹ್ಯಾಂಗಿದ್ದವು?"

"ಹಿಂಜಿದ ಹತ್ತಿ ಇದ್ದಂಗ್ರಿ," ಎಂದು ದೊಡ್ಡವ್ವ ಶುರು ಮಾಡಿದಳು. ಪೆಪ್ಪರಮೆಂಟು ಬಂದಾಗಲೂ ನಾನು ತುಟಿ ಪಿಟಕ್ಕೆನ್ನಲಿಲ್ಲ.